ಅರ್ಧ ಸೀರೆಯ ಕೆಂಪು

ಒದ್ದೆ ನೂಲು ನೋಡಿ ಬಣ್ಣದ ಬಗ್ಗೆ ಏನೂ ಹೇಳುವುದಕ್ಕಾಗುವುದಿಲ್ಲ. ಒಣಗಲೇಬೇಕು. ಇದು ಗೊತ್ತಿದ್ದೂ ಆ ದಿನ ವಸಂತಪುರದ ನಮ್ಮ ತಾರಸಿಯ ಮೇಲೆ ನಾನು ಹಗ್ಗದ ಹತ್ತಿರ ಹೋಗಿ ನೂಲಿನ ಲಡಿ ಮುಟ್ಟುವುದು, ಬಂದು ಕೂರುವುದು, ಕೂತವನು ಮತ್ತೆ ಏಳುವುದು, ಇಷ್ಟೇ ಮಾಡುತ್ತಿದ್ದೆ.

ತಿಲಕ್ ನಗರದಲ್ಲಿ ಮನೆಯಲ್ಲೇ ಮಗ್ಗ ಇಟ್ಟುಕೊಂಡ ಹೆಂಗಸೊಬ್ಬರ ಸೀರೆ ಅರ್ಧಕ್ಕೆ ನಿಂತಿತ್ತು. ಅಡ್ಡ ಹಾಕುವ ಕೆಂಪು ನೂಲು ಸಾಲದೆ ಬಂದಿತ್ತು. ಮೊದಲಿನ ನೂಲಿಗೆ ಬಣ್ಣ ಹಾಕಿದವನು ನಾನೇ. ಅದೇ ಕೆಂಪು ಇನ್ನೆರಡು ಲಡಿ ಬೇಕು. ಬಣ್ಣ ಕೂಡದಿದ್ದರೆ ಸೀರೆಯ ನಡುವೆ ಪಟ್ಟಿ ಬಿದ್ದ ಹಾಗೆ ಕಾಣುತ್ತದೆ. ಅವರು ನೇಯ್ದದ್ದೆಲ್ಲ ದಂಡ. ಅದೇ ನೂಲಿನಲ್ಲಿ ಬಣ್ಣ ಹಾಕದೆ ಉಳಿದಿದ್ದದ್ದೂ ಎರಡೇ ಲಡಿ.

ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ಬಣ್ಣದ ಹಂಡೆ ಹಿಡಿದವನು ನಾನು. ಕೆಂಪು ತಪ್ಪಿದರೆ ನನಗೆ ಮರ್ಯಾದೆ ಹೋದ ಹಾಗೆ. ಬಣ್ಣ ಹಿಡಿಯಲೆಂದು ನೂಲನ್ನು ಪಟಿಕದ ನೀರಿನಲ್ಲಿ ನೆನೆಸಿದ್ದೆ, ಮಂಜಿಷ್ಠದ ಬೇರು ಕುಟ್ಟಿ ಹದವಾಗಿ ಕಾಯಿಸಿದ್ದೆ. ಆದರೂ ಮಧ್ಯಾಹ್ನ ಒಣಗಿದ ಲಡಿಯನ್ನು ಅವರು ಮಾದರಿಗೆ ಕೊಟ್ಟಿದ್ದ ಹಳೆಯ ಎಳೆಯ ಪಕ್ಕ ಹಿಡಿದರೆ ಇಟ್ಟಿಗೆ ಬಣ್ಣ.

ಹೆಂಡತಿಯನ್ನು ಕರೆದೆ.

"ಹಂಡೆ ಏನಾದ್ರೂ ಸೋಪ್ ಹಾಕಿ ತೊಳ್ದ್ಯಾ?"

"ಇಲ್ಲಪ್ಪ. ಜಾಗ ಒಂಚೂರು ಓರಣ ಮಾಡ್ದೆ ಅಷ್ಟೇ. ಕಾಲಿಡಕ್ಕೂ ಆಗ್ತಿರ್ಲಿಲ್ಲ."

ನಿಜ, ಓರಣವಾಗಿತ್ತು. ಡಬ್ಬಗಳು ಶೆಲ್ಫಿಗೆ ಏರಿದ್ದವು, ಕೋಲುಗಳೆಲ್ಲ ಒಂದು ಬಕೆಟ್ಟಿನಲ್ಲಿ ನಿಂತಿದ್ದವು. ನನ್ನ ಕಣ್ಣು ನೀರಿನ ಎರಡು ನೀಲಿ ಡ್ರಮ್ಮುಗಳ ಮೇಲೆ ಹೋಯಿತು.

"ಇವನ್ನೂ ಸರಿಸಿದ್ಯಾ?"

"ಹೂಂ. ಕಾವೇರಿ ನೀರು ಮೆಟ್ಟಿಲ ಹತ್ರ ಇದ್ರೆ ಅಡಿಗೆಗೆ ಒಯ್ಯಕ್ಕೆ ಸಲೀಸು. ಬೋರ್ ನೀರಿಂದು ಆ ಕಡೆ ಇಟ್ಟೆ."

ನನ್ನ ಲೆಕ್ಕದಲ್ಲಿ ಮೆಟ್ಟಿಲ ಪಕ್ಕದ ಡ್ರಮ್ಮು ಎಂದರೆ ಬೋರ್ ನೀರು. ವರ್ಷಗಟ್ಟಲೆ ನನ್ನ ಚೊಂಬು ನೋಡದೆಯೇ ಅಲ್ಲಿಗೆ ಇಳಿಯುತ್ತಿತ್ತು. ಬೋರ್ ನೀರಿನ ಸುಣ್ಣವೇ ಮಂಜಿಷ್ಠವನ್ನು ಕೆಂಪಿಗೆ ತರುವುದು; ಕಾವೇರಿ ನೀರಿನಲ್ಲಿ ಅದು ಕಿತ್ತಳೆಯ ಕಡೆ ಜಾರುತ್ತದೆ.

"ಒಂದು ಮಾತು ಹೇಳ್ಬಾರ್ದಿತ್ತಾ?"

"ಎರಡೇ ಡ್ರಮ್ ಇರೋದು. ಅದಕ್ಕೂ ಬೋರ್ಡ್ ಬರೆಸಿ ಹಾಕ್ಬೇಕಿತ್ತಾ?"

ಜಗಳಕ್ಕೆ ಹೊತ್ತಿರಲಿಲ್ಲ. ಬೋರ್ ನೀರು ತುಂಬಿ, ಉಳಿದ ಬೇರನ್ನೆಲ್ಲ ಸುರಿದು ಅದೇ ಲಡಿಗಳನ್ನು ಮತ್ತೆ ಇಳಿಸಿದೆ. ಅವಳೂ ಸೊಂಟಕ್ಕೆ ಸೆರಗು ಸಿಕ್ಕಿಸಿ ಕೋಲು ಹಿಡಿದಳು. ಉರಿ ಹೆಚ್ಚಾದರೆ ಬಣ್ಣ ಕಂದುತ್ತದೆ, ಕಡಿಮೆಯಾದರೆ ಹತ್ತುವುದಿಲ್ಲ. ನಾನು ಉರಿ ತಗ್ಗಿಸುವುದು, ಏರಿಸುವುದು ನೋಡಿ ನೋಡಿ ಅವಳೇ ಸ್ಟವ್ವಿನಿಂದ ನನ್ನ ಕೈ ತಳ್ಳಿದಳು.

ಮರುದಿನ ಬೆಳಿಗ್ಗೆ ನೇಯುವವರು ತಾವೇ ಬಂದರು. ಒಣಗಿದ ಲಡಿಯನ್ನು ಬಿಸಿಲಿಗೆ ಹಿಡಿದು, ಹಳೆಯ ಎಳೆಗೆ ತಾಗಿಸಿ ನೋಡಿದರು.

"ಹತ್ತಿರ ಬಂದಿದೆ ಅಣ್ಣ. ಅದೇ ಅಲ್ಲ."

"ಅದೇ ಅನ್ಸಲ್ವಾ?"

"ನಿಮಗನ್ಸುತ್ತಾ?"

ನಾನು ಲಡಿಯನ್ನು ಅವರ ಕೈಯಿಂದ ತೆಗೆದುಕೊಂಡು ಮತ್ತೆ ಬಿಸಿಲಿಗೆ ಹಿಡಿದೆ.

"ಇರ್ಲಿ ಬಿಡಿ. ಹಳೇದು ಸ್ವಲ್ಪ ಇದೆ. ಒಂದೆಳೆ ಅದು, ಒಂದೆಳೆ ಇದು ಹಾಕ್ಕೊಂಡು ಹೋಗಿ ಆಮೇಲೆ ಇದಕ್ಕೇ ಬರ್ತೀನಿ. ಜೋಡ್ಸಿದ್ದು ಗೊತ್ತಾಗ್ಬಾರ್ದು, ನೋಡೋಣ."

ನೋಡೋಣ ಎಂದು ಅವರು ಹೋದರು. ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ವಾರ ತುಂಬುವ ಮೊದಲೇ ಪಟಿಕ ತರುವ ನೆಪ ಹೇಳಿ ತಿಲಕ್ ನಗರಕ್ಕೆ ಹೋದೆ. ಮುಗಿದ ಸೀರೆಯನ್ನು ಅವರು ಚಾಪೆಯ ಮೇಲೆ ಹರಡಿದರು.

"ಎಲ್ಲಿ ಜೋಡ್ಸಿದ್ರಿ?"

"ನೀವೇ ಹುಡುಕಿ."

ಬಗ್ಗಿ ನೋಡಿದೆ. ಕಿಟಕಿಯ ಕಡೆ ಎಳೆದು ನೋಡಿದೆ. ಒಂದು ಕಡೆ ಕೆಂಪು ಕೊಂಚ ತಗ್ಗಿದಂತೆ ಕಂಡಿತು. ಬೆರಳಿಟ್ಟು ತೋರಿಸಿದೆ.

ಅವರು ನಕ್ಕುಬಿಟ್ಟರು. "ಅದು ನಿಮ್ಮ ತಲೆ ನೆರಳು ಅಣ್ಣ. ಈ ಕಡೆ ಬನ್ನಿ, ಇನ್ನೂ ಎರಡು ಮೊಳ ಆಚೆ."

ಸರಿದು ಕೂತು, ಅವರು ತೋರಿಸಿದ ಜಾಗವನ್ನು ಬಹಳ ಹೊತ್ತು ನೋಡಿದೆ. ಅಲ್ಲಿ ನನಗೆ ಬರೀ ಕೆಂಪು ಕಂಡಿತು.