ಸೆಲ್ಲಿನ ಮೇಲೆ ಹೆಸರು ಹೊಡೆಸಿದೆ

ಗೆಳೆಯರೇ, ಶಿಗ್ಗಾಂವದಿಂದ ಹಿರೇಕೆರೂರಿನವರೆಗೆ ಇಂಜಿನಿಯರುಗಳೆಲ್ಲ ನನ್ನನ್ನು ಕೇಳಿಯೇ ಕರೆಂಟಿನ ತಂತಿ ಎಳೆಯುತ್ತಾರೆ. ಅಂಥ ನಾನು ಇವತ್ತು ಟಾರ್ಚಿಗೆ ಸೆಲ್ಲು ಕೊಳ್ಳಲು ಅಕ್ಕಿಆಲೂರಿನ ರೇಡಿಯೊ ರಿಪೇರಿ ಈರಪ್ಪನ ಅಂಗಡಿಗೆ ಹೋದೆ.

"ತೀರಿದ ಮ್ಯಾಲೆ ಒಗಿಯೂ ಸೆಲ್ಲು ಯಾಕ್ರಿ ಕಾಕಾ? ಇವನ್ನ ಒಯ್ಯಿರಿ. ತೀರಿದಾಗ ತಂದುಕೊಡ್ರಿ, ಮತ್ತ ಕರೆಂಟ್ ತುಂಬಿ ಕೊಡ್ತೇನಿ," ಎಂದ.

ಬಾಯಿಯೇ ಇಲ್ಲದ ಡಬ್ಬಿಗೆ ತುಂಬುವುದು ಹೇಗೆ? ಅದಿರಲಿ, ತುಂಬಲು ಕೊಟ್ಟಾಗ ಈತ ನನ್ನವನ್ನು ಇಟ್ಟುಕೊಂಡು ಯಾರದೋ ಹಳೆಯವನ್ನು ಕೊಟ್ಟರೆ? ಸೆಲ್ಲು ಕೊಂಡವನೇ ಸೀದಾ ಪಾತ್ರೆಗಳಿಗೆ ಹೆಸರು ಹೊಡೆಯುವ ಮೌನೇಶನ ಹತ್ತಿರ ಹೋದೆ.

"ಕಾಕಾ, ಇದೇನ್ ತಂಬಿಗಿ ಅಲ್ರಿ!" ಎಂದು ಅವನು ಉಳಿ ಕೆಳಗಿಟ್ಟ.

"ನೀನೂ ಈರಪ್ಪನ ಕಡಿಯಾಂವ ಏನಲೇ? ಸುಮ್ಮನ ಹೊಡಿ!"

ಎರಡೂ ಸೆಲ್ಲುಗಳ ಮೇಲೆ ನನ್ನ ಹೆಸರು ಚುಕ್ಕಿಚುಕ್ಕಿಯಾಗಿ ಚೆಂದ ಮೂಡಿತು. ಊರು ಮುಟ್ಟುವಷ್ಟರಲ್ಲಿ ಸೆಲ್ಲಿನೊಳಗಿನ ರಸ ಆ ಚುಕ್ಕಿಗಳಿಂದಲೇ ಸೋರಿ ಅಂಗಿಯ ಜೇಬು ಒದ್ದೆಯಾಗಿತ್ತು. ಟಾರ್ಚು ಮಿಣುಕಲಿಲ್ಲ.

ಹೆಂಡತಿ ಸೆಲ್ಲನ್ನು ತಿರುಗಿಸಿ ನೋಡಿದಳು. "ಇನ್ನ ಇವನ್ನ ಯಾರೂ ಕದಿಯೂದಿಲ್ಲ ಬಿಡ್ರಿ. ಎಷ್ಟು ಕೊಟ್ರಿ?"

ಎರಡು ರೂಪಾಯಿ ಎಂದೆ. ನಿಮ್ಮಲ್ಲೇ ಇರಲಿ: ಹದಿನಾಲ್ಕು ರೂಪಾಯಿ, ಹೆಸರು ಹೊಡೆಸಿದ್ದಕ್ಕೆ ಎಂಟಾಣೆ ಬೇರೆ.