ಹಪ್ಪಳದ ಪಡಸಾಲೆಯಲ್ಲಿ ಇಂಗ್ಲಿಷ್ ಪಾಠ

ಆ ವರ್ಷ ನಮ್ಮ ಹುಮನಾಬಾದಿನ ಮನೆಯಲ್ಲಿ ಒಂದು ಚಮಚ ಬೇಕೆಂದರೂ ಅದನ್ನು ನನ್ನ ಹೆಗಲಚೀಲದಲ್ಲಿ ಹುಡುಕಬೇಕಾಗಿತ್ತು. ಚಮಚ, ಬಟ್ಟಲು, ಜರಡಿ, ಅಲಾರಾಂ ಗಡಿಯಾರ, ಮಗಳ ಮರದ ಆನೆ, ಇವೆಲ್ಲ ಒಂದೊಂದಾಗಿ ಬೋಧನೋಪಕರಣವೆಂಬ ಘನವಾದ ಹೆಸರು ಪಡೆದು ನನ್ನ ಜೊತೆ ಬಸವಕಲ್ಯಾಣದ ಬಸ್ಸು ಹತ್ತುತ್ತಿದ್ದವು. “ಚಹಾ ಸೋಸೋ ಜರಡಿ ಇವತ್ತೂ ಸಾಲಿಗಿ ಹೋಗ್ಯಾದೇನವ್ವಾ?” ಎಂದು ಅತ್ತೆ ನೀಲಮ್ಮನವರು ಒಳಗಿನಿಂದ ಕೇಳಿದರೆ, ನಕ್ಕು ಜಾಗ ಖಾಲಿ ಮಾಡುವುದೊಂದೇ ನನಗಿದ್ದ ದಾರಿ.

ತೊಂಬತ್ತರ ದಶಕದ ಕೊನೆಯ ಮಾತಿದು. ನಾನು ಬಸವಕಲ್ಯಾಣದ ಒಂದು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಎನ್ನುವುದು ದೊಡ್ಡ ಮಾತಾಯಿತು. ಪಾಠವನ್ನು ಕನ್ನಡದಲ್ಲಿ ಹೇಳಿ, ಪ್ರಶ್ನೋತ್ತರವನ್ನು ಕರಿಹಲಗೆಯ ಮೇಲೆ ಬರೆದು, ಮಕ್ಕಳಿಂದ ಬಾಯಿಪಾಠ ಮಾಡಿಸುತ್ತಿದ್ದೆ, ನನಗೆ ಕಲಿಸಿದವರೂ ಹಾಗೇ ಕಲಿಸಿದ್ದರು. ಇಂಗ್ಲಿಷ್ ಬೋಧನೆಯ ಸ್ನಾತಕೋತ್ತರ ಡಿಪ್ಲೊಮಾಕ್ಕೆ ಅಂಚೆಯ ಮೂಲಕ ಸೇರಿಕೊಂಡ ಮೇಲೆ, ಬೇಸಿಗೆಯಲ್ಲಿ ಹೈದರಾಬಾದಿಗೆ ಹೋಗಿ ತರಗತಿಗಳಲ್ಲಿ ಕುಳಿತಾಗ, ಭಾಷೆಯನ್ನು ವಿವರಿಸುತ್ತ ಕೂಡುವುದಕ್ಕಿಂತ ಅದನ್ನು ಕಲಿಯುವವರ ಕೈಗೆ ಕೊಟ್ಟುಬಿಡಬೇಕು ಎಂಬುದು ಮೊದಲ ಸಲ ತಿಳಿಯಿತು. ಅಬ್ಬಾ, ಆಗ ಆದ ಸಂತೋಷವನ್ನು ನಿಮಗೆ ಹೇಗೆ ಹೇಳಲಿ! ಆದರೆ ಆ ಸಂತೋಷಕ್ಕಾಗಿ ಇನ್ನೂ ತೊದಲು ಮಾತಾಡುವ ಮಗಳನ್ನು ಅತ್ತೆಯ ಮಡಿಲಲ್ಲಿ ಬಿಟ್ಟು ಹೋಗಿದ್ದೆ, ಮರಳಿ ಬಂದಾಗ ಅವಳು ನನ್ನನ್ನು ಕಂಡು ಅಜ್ಜಿಯ ಸೆರಗಿನ ಹಿಂದೆ ಅಡಗಿದ್ದಳು.

ಡಿಪ್ಲೊಮಾ ಕೈಗೆ ಬರಲು ಉಳಿದದ್ದು ಒಂದೇ ಪಾಠ. ಹೈದರಾಬಾದಿನ ತರಬೇತಿ ಕೇಂದ್ರದ ಮೇಡಂ ಒಬ್ಬರು ಬಂದು, ಹಿಂದೆ ಕುಳಿತು ನೋಡಿ ಅಂಕ ಕೊಡುವ ಪಾಠ. ಅವರು ಬರುವ ದಿನ ಗೊತ್ತಾದದ್ದು ನಡು ಮೇ ತಿಂಗಳಿಗೆ. ಶಾಲೆಗೆ ಬೀಗ, ಮಕ್ಕಳೆಲ್ಲ ಸೋದರಮಾವಂದಿರ ಊರುಗಳಲ್ಲಿ. ತರಗತಿ ಇಲ್ಲದಿದ್ದರೆ ಪಾಠವಿಲ್ಲ, ಪಾಠವಿಲ್ಲದಿದ್ದರೆ ಮುಂದಿನ ಬೇಸಿಗೆಗೆ ಮತ್ತೆ ಹೈದರಾಬಾದು, ಮತ್ತೆ ಮಗಳನ್ನು ಬಿಟ್ಟು. ನಾನು ಅಡುಗೆಮನೆಯಲ್ಲಿ ಮೂಗು ಒರೆಸಿಕೊಳ್ಳುತ್ತ ಇದನ್ನು ಹೇಳಿದಾಗ ಅತ್ತೆ ಉದ್ದಿನ ಹಿಟ್ಟು ಕುಟ್ಟುವುದನ್ನು ನಿಲ್ಲಿಸಲೂ ಇಲ್ಲ.

“ಸಣ್ಣ ಹುಡುಗೂರೇ ಬೇಕಂತ ಕಾಯ್ದೆ ಅದ ಏನು?”

“ಹಂಗೇನಿಲ್ಲ. ಇಂಗ್ಲಿಷ್ ಬರದವರಿದ್ದರ ಸಾಕು.”

“ಅಷ್ಟೇನಾ? ನಮ್ಮ ಗಲ್ಲಿ ತುಂಬ ಅವರೇ ಅದಾರ. ನಿಮ್ಮ ಮೇಡಂ ಬರೋ ದಿನಾನ ಹಪ್ಪಳಕ್ಕ ಕರೀತೀನಿ, ಅವರಿಗೇ ಕಲಿಸು.”

ಹೀಗೆ ನಮ್ಮ ಪಡಸಾಲೆಯೇ ತರಗತಿಯಾಯಿತು. ಹೆಂಗಸರು ಲಟ್ಟಣಿಗೆ ಬದಿಗಿಟ್ಟು, ಹಿಟ್ಟಿನ ಕೈ ಒರೆಸಿಕೊಂಡು ಸಾಲಾಗಿ ಕುಳಿತರು. ಮುಂದಿನ ಸಾಲಿನಲ್ಲಿ ಪಕ್ಕದ ಮನೆಯ ಶಾಂತಾಬಾಯಿ, “ತಪ್ಪಿದರ ಬಡೀಬ್ಯಾಡ್ರಿ ಟೀಚರಮ್ಮಾ” ಎನ್ನುತ್ತ. ಮೇಡಂ ಮೂಲೆಯ ಕುರ್ಚಿಯಲ್ಲಿ. ಅತ್ತೆ ಮಾತ್ರ ಸಾಲಿನಲ್ಲಿ ಕೂಡದೆ, ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಾಗಿಲ ಬಳಿ ಇದ್ದರು. ಟೇಬಲ್ಲಿನ ಮೇಲೆ ಬುಕ್ಕು, ಬುಕ್ಕಿನ ಮೇಲೆ ಪೆನ್ನು, ಪೆನ್ನು ಎಲ್ಲಿದೆ, ಬುಕ್ಕು ಎಲ್ಲಿದೆ. ನಾನು ಒಂದು ಅಕ್ಷರ ಕನ್ನಡ ಆಡಲಿಲ್ಲ, ಅವರು ನಗುತ್ತ ನಗುತ್ತ ಎಲ್ಲವನ್ನೂ ಇಂಗ್ಲಿಷಿನಲ್ಲೇ ಹೇಳಿದರು. ಪಾಠ ಬೆಣ್ಣೆಯ ಹಾಗೆ ಸಾಗಿತ್ತು.

ಆಮೇಲೆ ಎಡವಿದೆ. ಮಕ್ಕಳಿಗಾದರೆ ತಂದೆಯ ಹೆಸರು ಕೇಳಬೇಕಿತ್ತು, ಕಲಿಯುವವರ ಬದುಕಿಗೆ ಪಾಠವನ್ನು ಹೊಂದಿಸಬೇಕೆಂದು ತರಬೇತಿಯಲ್ಲಿ ಹೇಳಿದ್ದರಲ್ಲ, ಬಹಳ ಜಾಣತನದಿಂದ ಹೊಂದಿಸಿ, ಕೊರಳ ತಾಳಿಯನ್ನು ತೋರಿಸುತ್ತ ಕೇಳಿದೆ: “ವಾಟ್ ಈಸ್ ಯುವರ್ ಹಸ್ಬೆಂಡ್ಸ್ ನೇಮ್?”

ಪಡಸಾಲೆ ಗಪ್ಪಾಯಿತು. ಅರ್ಥವಾಗದೆ ಅಲ್ಲ, ಅರ್ಥವಾಗಿಯೇ. ಶಾಂತಾಬಾಯಿ ಸೆರಗನ್ನು ಬಾಯಿಗೆ ಹಚ್ಚಿ, “ಅಯ್ಯ, ಗಂಡನ ಹೆಸರ ಹಂಗೇ ತಗೋತಾರೇನ್ರಿ!” ಎಂದಳು. ನಮ್ಮಲ್ಲಿ ಮದುವೆ ಮನೆಯಲ್ಲಿ ಒತ್ತಾಯ ಮಾಡಿದಾಗ, ಪ್ರಾಸ ಕಟ್ಟಿದ ಒಂದು ಒಡಪಿನೊಳಗೆ ಇಟ್ಟು ಹೇಳಬೇಕಾದ ಹೆಸರು ಅದು. ನಾನು ಮತ್ತೊಮ್ಮೆ ಕೇಳಿದೆ. ತಲೆಗಳೆಲ್ಲ ಬಾಗಿದವು. ಮೇಡಂ ಏನೋ ಗುರುತು ಹಾಕಿಕೊಂಡರು. ಮುಂದಿನ ಬೇಸಿಗೆಯ ಹೈದರಾಬಾದು ಕಣ್ಣೆದುರು ಬಂದು ನಿಂತಿತು.

ಆಗ ಬಾಗಿಲ ಕಡೆಯಿಂದ ದನಿ ಬಂತು, ಗಟ್ಟಿಯಾಗಿ, ಮದುವೆ ಮನೆಯ ರಾಗದಲ್ಲಿ:

“ಪೆನ್ ಈಸ್ ಆನ್ ದ ಬುಕ್ಕ, ಆನ್ ದ ಟೇಬಲ್ ಬುಕ್ಕ,
ಚನ್ನಬಸಪ್ಪನವರ ಹೆಸರ ಹೇಳಲಾಕ ನನಗೂ ಅದ ಹಕ್ಕ.”

ಅತ್ತೆ! ಮಾವ ಚನ್ನಬಸಪ್ಪನವರು ತೀರಿಕೊಂಡು ವರ್ಷಗಳಾಗಿದ್ದವು. ಗಂಡನಿಲ್ಲದವರಿಗೆ ಒಡಪು ಹೇಳೆಂದು ಯಾರೂ ಕೇಳುವುದಿಲ್ಲ. ಮದುವೆಗಳಲ್ಲಿ ಹೆಸರು ಹೇಳಿಸುವ ಹೊತ್ತಿಗೆ ಅತ್ತೆ ತಾವಾಗಿಯೇ ಎದ್ದು ಅಡುಗೆಮನೆ ಸೇರುತ್ತಿದ್ದರು. ನನ್ನ ಪಾಠ ಉಳಿಸಲು ಹೇಳಿದರೋ, ಕೇಳಿದ ಮೇಲೆ ತಡೆಯಲಾರದೆ ಹೇಳಿದರೋ, ನಾನು ಎಂದೂ ವಿಚಾರಿಸಲಿಲ್ಲ. ಶಾಂತಾಬಾಯಿ ತಾನೂ ಒಂದು ಒಡಪು ಕಟ್ಟಿದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಗಂಡಂದಿರೆಲ್ಲ ಆ ದಿನ ಟೇಬಲ್ಲಿನ ಮೇಲೂ ಕೆಳಗೂ ಬುಕ್ಕಿನ ಒಳಗೂ ಓಡಾಡಿದರು, ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಕಲಿತ ಮಾತನ್ನು ಕಲಿತ ಕೂಡಲೇ ಹೀಗೆ ತಮ್ಮ ಕೆಲಸಕ್ಕೆ ಹಚ್ಚುವವರನ್ನು ನಾನು ನೋಡಿರಲಿಲ್ಲ” ಎಂದು ಹೋಗುವಾಗ ಅವರು ಹೇಳಿದರು. ನಾನು ತೇರ್ಗಡೆಯಾದೆ. ಮಗಳನ್ನು ಬಿಟ್ಟು ಮತ್ತೆ ಹೋಗಬೇಕಾಗಲಿಲ್ಲ. ಆ ಡಿಪ್ಲೊಮಾ ನನಗೆ ಬಡ್ತಿಯನ್ನೂ ಒಳ್ಳೆಯ ಹೆಸರನ್ನೂ ಕೊಟ್ಟಿತು, ಅದಕ್ಕೆ ನಾನು ಋಣಿ. ಆದರೆ ಅದು ಅತ್ತೆಗೆ ಕೊಟ್ಟದ್ದನ್ನು ನೆನೆದಾಗ ಮನಸ್ಸು ಇನ್ನೂ ಹೆಚ್ಚು ತುಂಬಿ ಬರುತ್ತದೆ.

ಮಳೆಗಾಲ ಕಳೆದು ಶಾಂತಾಬಾಯಿಯ ಮಗನ ಮದುವೆಯಾಯಿತು. ಹೆಸರು ಹೇಳಿಸುವ ಹೊತ್ತು ಬಂತು, ಅತ್ತೆ ಎಂದಿನಂತೆ ಎದ್ದರು. ಶಾಂತಾಬಾಯಿ ಅವರ ಕೈ ಹಿಡಿದು ಎಲ್ಲರೆದುರಿಗೂ ಕೂಗಿ ಹೇಳಿದಳು: “ಎಲ್ಲಿಗಿ ಹೊಂಟೀರಿ ನೀಲಕ್ಕಾ? ಕೂಡ್ರಿ ಇಲ್ಲೇ. ಮೊದಲ ನೀವೇ ಹೇಳಬೇಕು.”

ಅತ್ತೆ ಕುಳಿತರು.