ನಡುಮನೆಯ ಸಪ್ಪಳ

ಕಳೆದ ದೀಪಾವಳಿ ರಜೆಯಲ್ಲಿ, ಸಿಂದಗಿಯ ನಮ್ಮ ಬಾಡಿಗೆ ಮನೆಯಲ್ಲಿ, ಮಧ್ಯಾಹ್ನದ ಊಟ ಮುಗಿಸಿ ಅವ್ವನೂ ನಾನೂ ಟೀವಿಯಲ್ಲಿ ಒಂದು ದೆವ್ವದ ಮನೆಯ ಸಿನಿಮಾ ನೋಡುತ್ತಿದ್ದೆವು. ಕೂದಲು ಬಿಚ್ಚಿಕೊಂಡ ಹೆಂಗಸು ಗೋಡೆಯ ಮೇಲೆ ಹರಿದಾಡಿದಾಗ ಅವ್ವ ನಕ್ಕಳು. “ಪಾಪ, ಎಣ್ಣಿ ಹಚ್ಚಿ ಹೆರಳ ಹಾಕವರಿಲ್ಲ ಇಕಿಗೆ” ಎಂದಳು. ಬಾಗಿಲುಗಳು ತಾವೇ ಬಡಿದುಕೊಂಡಾಗಲೂ ಅವಳ ಕೈ ಶೇಂಗಾ ಸುಲಿಯುತ್ತಲೇ ಇತ್ತು. ಆಮೇಲೆ ಒಂದು ಸಾದಾ ದೃಶ್ಯ ಬಂತು. ಹೆದರಿ ನಡುಗುತ್ತಿರುವ ಸೊಸೆಗೆ ಮನೆಯ ಹಿರಿಯ ನೀರು ಕೊಡುತ್ತಾನೆ, ತಲೆ ಸವರುತ್ತಾನೆ, ಅವಳು ಹೇಳಿದ್ದಕ್ಕೆಲ್ಲ ಹೂಂಗುಡುತ್ತಾನೆ. ಅಷ್ಟೆ. ಅವ್ವ ರಿಮೋಟ್ ಎತ್ತಿ ಟೀವಿ ಆರಿಸಿಬಿಟ್ಟಳು.

ಇಂಥ ಸಿನಿಮಾಗಳ ಬಗ್ಗೆ ಕಾಲೇಜಿನಲ್ಲಿ ನಾನು ಪಾಠ ಮಾಡಿದ್ದುಂಟು. ಕತ್ತಲೆ, ಮೌನ, ಕಣ್ಣಿಗೆ ಬೀಳದೆ ಉಳಿದದ್ದು, ಇವೇ ಭಯ ಹುಟ್ಟಿಸುತ್ತವೆ ಎಂದು ಹೇಳಿದ್ದೆ. ಪುಸ್ತಕಗಳಲ್ಲಿ ಹಾಗೇ ಇತ್ತು. ಆ ರಜೆಯಿಂದೀಚೆಗೆ ನನ್ನ ಅಭಿಪ್ರಾಯ ಬೇರೆ. ಮನೆಯ ಗುಟ್ಟೆಲ್ಲ ಗೊತ್ತಿದ್ದೂ ನಿಮ್ಮ ಪಕ್ಕದಲ್ಲಿ ಕುಳಿತು ಕನಿಕರದಿಂದ ತಲೆಯಾಡಿಸುವ ಮನುಷ್ಯನಿಲ್ಲದಿದ್ದರೆ ದೆವ್ವದ ಮನೆಗೆ ಜೀವವೇ ಇಲ್ಲ.

ನಮ್ಮ ಮನೆ ಇದ್ದದ್ದು ತಾಳಿಕೋಟೆಯಲ್ಲಿ. ಮಣ್ಣಿನ ಮಾಳಿಗೆಯ ಹಳೆಯ ಮನೆ. ಒಂದು ಗೋಡೆಯಾಚೆ ಅಪ್ಪನ ಅಣ್ಣ, ನನ್ನ ದೊಡ್ಡಪ್ಪ. ಅಪ್ಪ ಇರುವವರೆಗೆ ನಮ್ಮ ನಡುಮನೆಯಲ್ಲಿ ಜೋಳದ ಚೀಲಗಳನ್ನು ಒಟ್ಟಿರುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಚೀಲಗಳು ಹೋದವು, ಅವು ಇದ್ದ ಜಾಗದಲ್ಲಿ ನಾವು ಓಡಾಡತೊಡಗಿದೆವು. ಸಪ್ಪಳ ಶುರುವಾದದ್ದು ಆಗ. ನಾವೊಂದು ಹೆಜ್ಜೆ ಇಟ್ಟರೆ ಕೆಳಗಿನಿಂದ ಇನ್ನೊಂದು ಹೆಜ್ಜೆ. ಇದು ನನಗೆ ನೆನಪಿದೆ ಎಂದು ಬರೆಯಲು ಕೈ ತಡೆಯುತ್ತದೆ. ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ನಾನೇ ಕೇಳಿದೆನೋ, ಅವ್ವ ಹೇಳಿ ಹೇಳಿ ಅದು ನನ್ನ ಕಿವಿಯೊಳಗೆ ಬಂದು ಕುಳಿತಿತೋ, ಈಗ ಬಿಡಿಸಲಾರೆ. ಆದರೆ ದೊಡ್ಡಪ್ಪ ಆಡಿದ ಮಾತನ್ನು ಅವ್ವ ಪ್ರತಿ ಸಲವೂ ಒಂದೇ ತರ ಹೇಳುತ್ತಾಳೆ.

“ತಮ್ಮಂದು ಜೀವ ಇಲ್ಲೇ ತಿರಗಾಕತ್ತೈತಿ ಬೇ. ಸಣ್ಣ ಕೂಸಿನ್ನ ಇಟಕೊಂಡು ಈ ಮನ್ಯಾಗ ಇರಬ್ಯಾಡ.”

ಅವ್ವ ನನ್ನನ್ನು ಎತ್ತಿಕೊಂಡು ಇಂಡಿ ಪಟ್ಟಣದ ತವರಿಗೆ ಹೋದಳು. ದೊಡ್ಡಪ್ಪ ನಡುವಿನ ಗೋಡೆ ಒಡೆಸಿ ಎರಡು ಮನೆ ಒಂದು ಮಾಡಿಕೊಂಡ. ಮನೆ ಹೋದದ್ದನ್ನು ನಾನು ಎಂದಾದರೂ ಮರೆಯಬಹುದಿತ್ತು. ಅವ್ವ ಅಪ್ಪನ ಫೋಟೋವನ್ನು ಸೀರೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಹಾಕಿದಳು. ಅಮಾವಾಸ್ಯೆ ಬಂದರೆ ಹೊಸ್ತಿಲಿಗೆ ಲಿಂಬೆಹಣ್ಣು ಕೊಯ್ದಿಟ್ಟಳು. ಒಂದು ದಿನವೂ ತನ್ನನ್ನು ಗದರದ ಗಂಡ ಒಳಗೆ ಬಾರದಿರಲೆಂದು. ಅದನ್ನು ಹೇಗೆ ಮರೆಯಲಿ?

ಅದೇ ರಜೆಯಲ್ಲಿ ದೇವಣಗಾಂವಕ್ಕೆ ಹೋದೆ. ಅಪ್ಪನ, ದೊಡ್ಡಪ್ಪನ ಅಕ್ಕ ಅಲ್ಲಿದ್ದಾಳೆ. ಅವಳ ನಡುಮನೆ ದಾಟುವಾಗ ಕಾಲ ಕೆಳಗೆ ಅದೇ ಸಪ್ಪಳ. ನಾನು ನಿಂತುಬಿಟ್ಟೆ.

“ಯಾಕ, ಹಂಗ ಗರಬಡದಂಗ ನಿಂತಿ? ಕೆಳಗ ಹಗೇವು ಐತಿ” ಎಂದಳು ಅತ್ತೆ.

ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಈಗ ಯಾರೂ ತುಂಬುವುದಿಲ್ಲ. ಬಾಯಿಗೆ ಹಾಸುಗಲ್ಲು ಎಳೆದು, ಮೇಲೆ ಮಣ್ಣು ಬಡಿದು, ಸಾರಿಸಿ ಬಿಟ್ಟಿರುತ್ತಾರೆ. ಕೆಳಗೆ ಟೊಳ್ಳು ಹಾಗೇ ಉಳಿಯುತ್ತದೆ.

“ತಾಳಿಕೋಟಿ ಮನ್ಯಾಗೂ ಇತ್ತಲ್ಲ, ನಡುಮನ್ಯಾಗ. ಅದನ್ನ ಮುಚ್ಚಿದಾಗ ನಿಮ್ಮಪ್ಪ ತೊಟ್ಟಿಲ ಕೂಸು. ಕಲ್ಲ ಎಳದು ಮಣ್ಣ ಬಡದಾಂವ ನಿಮ್ಮ ದೊಡ್ಡಪ್ಪ.”

ಅಂದು ಅತ್ತೆ ಮಾತಿನ ನಡುವೆ ನನ್ನನ್ನು ತನ್ನ ಮಗಳೆಂದು ತಿಳಿದು ಗದರಿದ್ದಳು ಕೂಡ. ಅವಳ ನೆನಪನ್ನು ಎಷ್ಟು ನಂಬಬೇಕು? ನನಗೆ ಬೇಕಾದದ್ದೇ ಸಿಕ್ಕಿತೆಂದು ಹಿಗ್ಗಿದೆನೇ? ಹಿಗ್ಗಿದ್ದಂತೂ ನಿಜ.

ಸಿಂದಗಿಗೆ ಮರಳಿ ಅವ್ವನಿಗೆ ಎಲ್ಲ ಹೇಳಿದೆ. “ಹಂಗಾರ ಅವರು ಬಂದ ಇರಲಿಲ್ಲ” ಎಂದಳು. ಟ್ರಂಕು ತೆಗೆದು ಫೋಟೋ ಒರೆಸಿ ಗೋಡೆಗೆ ಹಾಕಿದಳು. ಮರುದಿನ ನಾನು ತಾಳಿಕೋಟೆಯ ಬಸ್ಸು ಹತ್ತಿದೆ. ದೊಡ್ಡಪ್ಪನ ಮುಖಕ್ಕೇ ಹೇಳಿಬರಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಅವನು ಪಡಸಾಲೆಯಲ್ಲಿ ಕುರ್ಚಿಯ ಮೇಲಿದ್ದ. ಸೊಸೆ ಚಹಾ ತಂದಳು. “ನಮ್ಮ ಮಾವಾರಿಗೆ ಈಗ ಹಗಲೂ ಅಂಜಿಕಿ ನೋಡ್ರಿ. ನಡುಮನಿ ದಾಟಬೇಕಾದ್ರ ಗ್ವಾಡಿಗೆ ಮೈ ಹಚ್ಚಿ ಹೋಗ್ತಾರ, ಹಲ್ಲಿಗತೆ.”

“ನಗಬ್ಯಾಡ ನೀ” ಎಂದ ದೊಡ್ಡಪ್ಪ, ನನ್ನ ಮುಂಗೈ ಹಿಡಿದ. “ನಿಮ್ಮಪ್ಪ ಇನ್ನೂ ಹೋಗಿಲ್ಲವಾ. ನಾ ನಡದ್ರ ಕೆಳಗ ನಡೀತಾನ. ಏನ್ ಬೇಕಾಗೈತಿ ಅವಗ? ನೀ ಕಲತಾಕಿ, ನೀನರೆ ಹೇಳು.”

ನಾಟಕವೇ ಎಂದು ಅವನ ಕಣ್ಣು ನೋಡಿದೆ. ಇರಲಿಕ್ಕಿಲ್ಲ. ಹಗೇವನ್ನು, ತಾನೇ ಎಳೆದ ಕಲ್ಲನ್ನು ಅವನು ಮರೆತಿದ್ದ. ತಾನು ಕಟ್ಟಿದ ಸುಳ್ಳು ಮಾತ್ರ ಅವನಲ್ಲಿ ಉಳಿದಿತ್ತು. ಅಥವಾ ಹಾಗೆ ಕಾಣಲೆಂದು ನನಗೇ ಆಸೆಯಿತ್ತು. ಒಂದು ಮಾತು ಹೇಳಿದ್ದರೆ ಸಾಕು, ಸೊಸೆ ಯಾರನ್ನಾದರೂ ಕರೆದು ಹಾರೆ ಹಾಕಿಸಿ ಕಲ್ಲು ಎಬ್ಬಿಸುತ್ತಿದ್ದಳು. ಮುದುಕ ಬರಿದಾದ ಕುಣಿ ನೋಡಿ ಅಂದೇ ನಿಶ್ಚಿಂತೆಯಿಂದ ಮಲಗುತ್ತಿದ್ದ.

“ಒಡಹುಟ್ಟಿದ ತಮ್ಮ ಅಲ್ರಿ ದೊಡ್ಡಪ್ಪ,” ಎಂದೆ. “ನಿಮ್ಮನ್ನ ಬಿಟ್ಟ ಎಲ್ಲಿ ಹೋಗ್ತಾನ?”

ಕಪ್ಪು ಇಡುವ ನೆವದಲ್ಲಿ ಎದ್ದು ನಡುಮನೆಯ ನಟ್ಟನಡುವೆ ನಡೆದುಹೋದೆ, ಅಂಗಾಲು ಊರಿ. ಹಿಂದೆ ತಿರುಗಿ ನೋಡಿದಾಗ ಅವನು ಎರಡೂ ಕಿವಿ ಮುಚ್ಚಿಕೊಂಡಿದ್ದ.

ಬಸ್ಸಿನಲ್ಲಿ ಪಶ್ಚಾತ್ತಾಪ ಬಂದೀತೆಂದು ಕಾದೆ. ಹೊಲಗಳು ಹಿಂದೆ ಸರಿದವು, ಹೊಟ್ಟೆ ಹಸಿಯಿತು, ಅದು ಬರಲಿಲ್ಲ.

ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. “ಹೇಳಿದೇನು?” ಎಂದು ಕೇಳಿದಳು.

“ಇಲ್ಲ. ಅಪ್ಪ ಇನ್ನೂ ಅಡ್ಡಾಡ್ತಾನ ಅಂತ ತಿಳದಾನ.”

ಅವ್ವ ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದಳು. “ಚೊಲೋ ಆತು,” ಎಂದಳು. “ಇನ್ನೊಂದಿಷ್ಟ ದಿನ ಅಡ್ಡಾಡ್ಲಿ.”